ಕೆರೆಯ ಹೂಳು, ಗಣಕದ ಹೂಳು

ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡಗಳು ಮಳೆಯನ್ನು ನೆಚ್ಚಿದ ಸೀಮೆಗಳು. ಕೆರೆಯಲ್ಲಿ ಹೂಳು ತುಂಬಿತೆಂದು ಇಲ್ಲಿಯ ರೈತನು ಕೆರೆಯನ್ನೇ ತೊರೆಯುವುದಿಲ್ಲ. ಹೂಳೆತ್ತಿ, ಆ ಮಣ್ಣನ್ನು ಹೊಲಕ್ಕೆ ಹೊಡೆಯುತ್ತಾನೆ. ಆದರೆ ಅದೇ ರೈತನ ಮನೆಯ ಗಣಕಯಂತ್ರವು ನಿಧಾನವಾದೊಡನೆ ‘ಇದರ ಕಾಲ ಮುಗಿಯಿತು’ ಎಂಬ ಮಾತು ಏಳುತ್ತದೆ. ಹೊಸದನ್ನು ಕೊಳ್ಳಹೊರಟರೆ ಒಂದು ವರ್ಷದ ಕಡಲೆಕಾಯಿಯ ಹಣ ಕರಗೀತು; ಕೊಳ್ಳದಿದ್ದರೆ ಮಗಳ ವಿದ್ಯಾರ್ಥಿವೇತನದ ಅರ್ಜಿಯು ಕೊನೆಯ ದಿನವೂ ತೆರೆಯದೆ ಹೋದೀತು.

ಗಣಕದ ರ‍್ಯಾಮ್ ಓದುವ ಮೇಜಿನಂತೆ. ಹಾರ್ಡ್ ಡಿಸ್ಕ್ ಪಕ್ಕದ ಕೋಣೆಯ ಬೀರುವಿನಂತೆ. ಕಿರಿದಾದ ಮೇಜಿನ ಮೇಲೆ ಪುಸ್ತಕಗಳು ತುಂಬಿದರೆ ಓದುವವನು ಪದೇ ಪದೇ ಬೀರುವಿನ ಬಳಿಗೆ ನಡೆಯಬೇಕಾಗುತ್ತದೆ. ಡಿಸ್ಕಿನ ತಟ್ಟೆಗಳು ನಿಮಿಷಕ್ಕೆ 5,400 ಇಲ್ಲವೆ 7,200 ಸುತ್ತು ತಿರುಗಿದರೂ ರ‍್ಯಾಮಿನ ವೇಗದ ಮುಂದೆ ಅದು ಆಮೆಯ ನಡಿಗೆಯೇ ಸರಿ.

ಆದುದರಿಂದ ಮೊದಲು ಹೂಳೆತ್ತಬೇಕು. ಮುಖ್ಯ ಕಡತಗಳ ಪ್ರತಿಗಳನ್ನು ಬೇರೆಡೆ ಇರಿಸಿಕೊಂಡು, ಬಳಸದ ತಂತ್ರಾಂಶಗಳನ್ನು ತೆಗೆಯಬೇಕು. ಯಂತ್ರವು ಎಚ್ಚರಗೊಂಡೊಡನೆ ಕರೆಯದೆ ಏಳುವವುಗಳನ್ನು ತಡೆಯಬೇಕು. ಬೇಸಗೆಯ ಧೂಳು ಫ್ಯಾನಿಗೆ ಮೆತ್ತಿದರೆ ಪ್ರೊಸೆಸರ್ ಕಾದು, ತನ್ನ ವೇಗವನ್ನು ತಾನೇ ತಗ್ಗಿಸಿಕೊಳ್ಳುತ್ತದೆ. ವಿದ್ಯುತ್ ಸಂಪರ್ಕವನ್ನು ತೆಗೆದು, ಮೆತ್ತನೆಯ ಕುಂಚದಿಂದ ಧೂಳನ್ನು ಗುಡಿಸಬೇಕು. ಅಷ್ಟಕ್ಕೂ ಸಾಲದಿದ್ದರೆ ರ‍್ಯಾಮ್ ಹೆಚ್ಚಿಸಬಹುದು. ತಿರುಗುವ ತಟ್ಟೆಯಿಲ್ಲದ ಎಸ್‌ಎಸ್‌ಡಿಯನ್ನು ಕೂಡಿಸಬಹುದು. ವಿಂಡೋಸ್ 10ರ ಸಾಮಾನ್ಯ ಬೆಂಬಲವು 2025ರ ಅಕ್ಟೋಬರ್ 14ರಂದು ಕೊನೆಗೊಂಡಿತು. ಹೊಸ ವಿಂಡೋಸನ್ನು ಹೊರಲಾರದ ಯಂತ್ರಕ್ಕೆ ಉಚಿತವಾಗಿ ದೊರೆಯುವ ಹಗುರವಾದ ಲಿನಕ್ಸ್ ಇದೆ.

ಎಲ್ಲ ಯಂತ್ರಗಳೂ ಉಳಿಯಲಾರವು, ನಿಜ. ಆದರೆ ತಾನೇ ಹೇರಿದ ಹೊರೆಯನ್ನು ಇಳಿಸಿ ನೋಡದೆ, ದುಡಿದ ಎತ್ತನ್ನು ಮುದಿಯೆಂದು ಹಳಿಯುವುದು ಒಕ್ಕಲಿನ ಧರ್ಮವಲ್ಲ. ಕೆರೆ ತುಂಬುವುದು ಮಳೆಯಿಂದ. ಅದು ಉಳಿಯುವುದು ಆರೈಕೆಯಿಂದ.