ಎಸೆಯುವ ಕೈಗೊಂದು ಆಸರೆ



ಸೇಡಂ, ಚಿತ್ತಾಪುರ, ಚಿಂಚೋಳಿಗಳಲ್ಲಿ ಬಯಲೊಂದು ಕಂಡರೆ ಸಾಕು, ಮಕ್ಕಳ ಕೈಗೆ ಕ್ರಿಕೆಟ್ ಬ್ಯಾಟು ಬರುತ್ತದೆ. ಸಾಫ್ಟ್‌ಬಾಲ್ ಆಟದ ಪರಿಚಯ ನಮ್ಮಲ್ಲಿ ಅನೇಕರಿಗಿಲ್ಲ. ವಾಡಿ, ಶಹಾಬಾದ್ ಭಾಗದ ಪ್ರೌಢಶಾಲೆಯೊಂದರ ಹೊಣೆ ನನ್ನ ಮೇಲಿದ್ದ ದಿನಗಳಲ್ಲಿ ಆ ಆಟ ನನಗೊಂದು ಪಾಠ ಕಲಿಸಿತು. ಪಾಠ ಆರಂಭವಾದದ್ದು ನನ್ನ ತಪ್ಪಿನಿಂದಲೇ.

ಈ ಆಟದಲ್ಲಿ ತಂಡಕ್ಕೆ ಒಂಬತ್ತು ಮಂದಿ. ಚೆಂಡೆಸೆಯುವವಳಿಗೆ ಪಿಚರ್ ಎಂದು ಹೆಸರು. ಆಕೆ 43 ಅಡಿ ದೂರದಿಂದ, ತೋಳನ್ನು ಪೂರ್ತಿ ಒಂದು ಸುತ್ತು ತಿರುಗಿಸಿ, ಸೊಂಟದ ಮಟ್ಟದಲ್ಲಿ ಚೆಂಡನ್ನು ಬಿಡುತ್ತಾಳೆ. ಗುರಿ ತಪ್ಪಿದ ಎಸೆತಗಳು ನಾಲ್ಕಾದರೆ ಎದುರಾಳಿ ಬ್ಯಾಟು ಬೀಸದೆಯೇ ಮೊದಲ ನೆಲೆ ಸೇರುತ್ತಾಳೆ. ಉಳಿದ ಎಂಟು ಮಂದಿ ಎಷ್ಟೇ ಚುರುಕಾಗಿದ್ದರೂ ಸುಮ್ಮನೆ ನೋಡುತ್ತ ನಿಲ್ಲಬೇಕು. ಕ್ರಿಕೆಟ್ಟಿನಲ್ಲಿ ಆರು ಎಸೆತಗಳಿಗೊಮ್ಮೆ ಬೌಲರ್ ಬದಲಾಗುತ್ತಾನೆ. ಇಲ್ಲಿ ಏಳು ಇನಿಂಗ್ಸ್‌ಗಳನ್ನೂ ಒಬ್ಬಳೇ ಎಸೆಯಬಹುದು. ಆದುದರಿಂದ ಶಾಲಾ ತಂಡದ ಸೋಲು ಗೆಲುವು ಬಹುಮಟ್ಟಿಗೆ ಆ ಒಂದು ಕೈಯಲ್ಲಿರುತ್ತದೆ.

ನಮ್ಮ ತಂಡದಲ್ಲಿ ಆ ಕೈ ಕಲ್ಲುಗಣಿ ಕಾರ್ಮಿಕರ ಮಗಳೊಬ್ಬಳದಾಗಿತ್ತು. ಗೆಲುವಿನ ರುಚಿ ಹತ್ತಿದ ಮೇಲೆ ಇನ್ನೊಬ್ಬಳನ್ನು ಸಿದ್ಧಪಡಿಸುವ ಯೋಚನೆಯನ್ನೇ ನಾವು ಬಿಟ್ಟೆವು. ದೈಹಿಕ ಶಿಕ್ಷಕರು ಒಮ್ಮೆ ಎಚ್ಚರಿಸಿದಾಗ, “ಕೆಳಗಿನಿಂದ ಎಸೆಯುವ ಚೆಂಡಲ್ಲವೇ, ಭುಜಕ್ಕೇನಾದೀತು?” ಎಂದು ನಾನೇ ತಳ್ಳಿಹಾಕಿದೆ. ಅದು ಅಜ್ಞಾನದ ಮಾತು. ಹೇಗೆ ಎಸೆದರೂ ಬಿಡುವಿಲ್ಲದೆ ಎಸೆದ ಭುಜ ದಣಿಯುತ್ತದೆ, ನೋಯುತ್ತದೆ.

ಸೇಡಂನಲ್ಲಿ ಒಂದೇ ದಿನ ಎರಡು ಪಂದ್ಯಗಳಿದ್ದವು. ಎರಡನೆಯದರ ನಡುವೆ ಆಕೆ ಎಡಗೈಯಿಂದ ನೀರಿನ ಲೋಟ ಎತ್ತುವುದನ್ನು ಕಂಡೆ. ಬಲಗೈ ಮೇಲೇಳುತ್ತಿರಲಿಲ್ಲ.

“ನೋವೈತೇನವ್ವಾ?” ಎಂದೆ.

“ನಾ ಬಿಟ್ರ ಯಾರ್ ಒಗಿತಾರ್ರಿ, ಫಾದರ್?” ಎಂದಳು.

ಆಕೆಯನ್ನು ಕೂರಿಸಿದೆವು, ಪಂದ್ಯ ಸೋತೆವು. ಸಂಜೆ ಮನೆಗೆ ಬಿಡಲು ಹೋದಾಗ ಆಕೆಯ ತಾಯಿ ಗಾಬರಿಯಿಂದ, “ಮನ್ಯಾಗ ನೀರ್ ತರೋದೂ ಆಕೀನೇ, ರೊಟ್ಟಿ ಬಡಿಯೋದೂ ಆಕೀನೇ ರೀ” ಎಂದರು. ಶಾಲೆಯಲ್ಲಿ ನಾವು ಮಾಡಿದ್ದನ್ನೇ ಮನೆಯಲ್ಲಿ ಬಡತನ ಮಾಡಿತ್ತು. ಬಡತನಕ್ಕೆ ಬೇರೆ ದಾರಿಯಿರಲಿಲ್ಲ, ನನಗಿತ್ತು. ಹಲವು ವಾರಗಳ ವಿಶ್ರಾಂತಿಯ ನಂತರ ಆ ಭುಜ ಗುಣವಾಯಿತು. ಅಷ್ಟರಲ್ಲಿ ಇನ್ನಿಬ್ಬರು ಹುಡುಗಿಯರು ಎಸೆತ ಕಲಿತಿದ್ದರು. ಕಲಿಸಿದವಳು ಆಕೆಯೇ.

ಜಪಾನಿನ ಯುಕಿಕೊ ಉಎನೊ 2008ರ ಬೀಜಿಂಗ್ ಒಲಿಂಪಿಕ್ಸ್‌ನಲ್ಲಿ ಎರಡು ದಿನಗಳ ಮೂರು ಪಂದ್ಯಗಳಲ್ಲಿ 413 ಎಸೆತಗಳನ್ನು ಎಸೆದು ಚಿನ್ನ ಗೆಲ್ಲಿಸಿದರು. ಜಗತ್ತು ಬೆರಗಾಯಿತು. ಆದರೆ ನನ್ನ ಮನಸ್ಸಿನಲ್ಲಿ ಉಳಿದಿರುವುದು 2021ರಲ್ಲಿ ಟೋಕಿಯೊದಲ್ಲಿ ನಡೆದ ಅಂತಿಮ ಪಂದ್ಯ. 39ರ ಉಎನೊ ನಡುವೆ ಚೆಂಡನ್ನು 20ರ ಮಿಯು ಗೊಟೊಗೆ ಒಪ್ಪಿಸಿ ಹೊರನಡೆದರು. ಕೊನೆಯ ಇನಿಂಗ್ಸ್‌ಗೆ ಮರಳಿ ಬಂದರು. ಅಮೆರಿಕದ ವಿರುದ್ಧ ಜಪಾನ್ 2-0ರಿಂದ ಗೆದ್ದಿತು.

ವಿಮೋಚನಕಾಂಡದ ಹದಿನೇಳನೆಯ ಅಧ್ಯಾಯವನ್ನು ನೆನೆಯಿರಿ. ಮೋಶೆಯ ಕೈ ಎತ್ತಿದ್ದಾಗ ಇಸ್ರಯೇಲರಿಗೆ ಜಯ, ಇಳಿದಾಗ ಅಮಾಲೇಕ್ಯರಿಗೆ ಜಯ. ದೇವರ ಸೇವಕನಾದರೂ ಆತನ ಕೈಗಳು ಸೋತವು. ಆಗ ಯಾರೂ ಆತನನ್ನು ಗದರಿಸಲಿಲ್ಲ. ಕೂರಲು ಕಲ್ಲೊಂದನ್ನು ತಂದಿಟ್ಟರು; ಆರೋನನೂ ಹೂರನೂ ಎರಡು ಬದಿಯಲ್ಲಿ ನಿಂತು ಆ ಕೈಗಳಿಗೆ ಆಸರೆಯಾದರು.

ಪ್ರಿಯರೇ, ನಮ್ಮ ಮನೆಗಳಲ್ಲಿ ಎಲ್ಲವನ್ನೂ ಹೊತ್ತಿರುವ ಒಂದು ಕೈ ಇದ್ದೇ ಇರುತ್ತದೆ. ಅದು ತಾಯಿಯದಿರಬಹುದು, ಹಿರಿಯ ಮಗಳದಿರಬಹುದು; ಧರ್ಮಕೇಂದ್ರದಲ್ಲಿ ವರ್ಷಗಳಿಂದ ಒಬ್ಬರೇ ನಡೆಸುತ್ತಿರುವ ಧರ್ಮೋಪದೇಶ ತರಗತಿಯಿರಬಹುದು. ಅವರು ದೂರುವುದಿಲ್ಲ, ಆದುದರಿಂದ ನಾವು ಕೇಳುವುದೂ ಇಲ್ಲ. ಅವರನ್ನು ಹೊಗಳುವುದು ಸುಲಭ. ಇಂದು ರಾತ್ರಿ ಊಟಕ್ಕೆ ಕುಳಿತಾಗ, ಅವರು ಲೋಟ ಎತ್ತುವುದು ಯಾವ ಕೈಯಿಂದ ಎಂದು ಸ್ವಲ್ಪ ಗಮನಿಸಿರಿ.