ಕುರ್ಡಿಯ ಮಣ್ಣು ಕಾಗದದ ಮೇಲೆ ಕೂತಾಗ

ಮಾನ್ವಿ ತಾಲೂಕಿನ ಕುರ್ಡಿಗೆ ಯಾರೂ ಪ್ರವಾಸ ಅಂತ ಹೋಗುವುದಿಲ್ಲ. ಕೃಷ್ಣೆ ಮತ್ತು ತುಂಗಭದ್ರೆಯ ನಡುವೆ ಹರಡಿರುವ ರಾಯಚೂರು ಸೀಮೆಯ ಒಂದು ಊರು ಅದು. ಬೆಂಗಳೂರಿನಲ್ಲಿ ರಾತ್ರಿ ರೈಲು ಹತ್ತಿದರೆ ನಸುಕಿಗೆ ರಾಯಚೂರು, ಅಲ್ಲಿಂದ ಮುಂದೆ ಬಸ್ಸು. ಕಿಟಕಿ ಪಕ್ಕದ ಸೀಟು ಸಿಕ್ಕರೆ ಸಾಕು, ನೆಲದ ಬಣ್ಣ ಬದಲಾಗುವುದನ್ನು ನೋಡುತ್ತಾ ಕೂರಬಹುದು. ಒಂದು ಕಡೆ ಹತ್ತಿ ಬೆಳೆಯುವ ಎರೆ ಹೊಲದ ಕಪ್ಪು, ಇನ್ನೊಂದು ಕಡೆ ಮಸಾರಿಯ ಕೆಂಪು. ಕಾಲುವೆ ನೀರು ಮುಟ್ಟಿದಲ್ಲಿ ಭತ್ತದ ಹಸಿರು. ನಡುನಡುವೆ ಯಾರೋ ಸುರಿದು ಹೋದಂತೆ ಬಂಡೆಗುಡ್ಡಗಳು.

ಕುರ್ಡಿ ನನ್ನ ತಾಯಿಯ ತವರು. ಅಜ್ಜಿಯದು ಮಣ್ಣಿನ ಮಾಳಿಗೆ ಮನೆ. ಅದನ್ನು ಬಿಚ್ಚಿ ಆರ್‌ಸಿಸಿ ಮನೆ ಕಟ್ಟುವುದು ಅಂತ ಮಾಮ ತೀರ್ಮಾನಿಸಿದ್ದರು. ಅವರ ಮಾತಿನಲ್ಲಿ ನ್ಯಾಯವಿತ್ತು. ಪ್ರತಿ ಮಳೆಗಾಲಕ್ಕೂ ಮಾಳಿಗೆಗೆ ಹೊಸ ಮಣ್ಣು ಹಾಕಬೇಕು, ಆ ಕೆಲಸ ಬಲ್ಲವರು ಈಗ ಸಿಗುವುದಿಲ್ಲ. ಹೋದ ಮಳೆಗಾಲದಲ್ಲಿ ಅಜ್ಜಿ ಮೂರು ರಾತ್ರಿ ಪಾತ್ರೆ ಇಟ್ಟುಕೊಂಡು ಸೋರುವ ನೀರು ಹಿಡಿದಿದ್ದಳು.

ನಾನು ಶನಿವಾರ, ಭಾನುವಾರ ಜಲವರ್ಣ ಬರೆಯುತ್ತೇನೆ ಅನ್ನುವುದು ಅವಳಿಗೆ ಗೊತ್ತು. ಫೋನಿನಲ್ಲಿ ಅಂದಳು: “ಮನಿ ಬಿಚ್ಚೋದ್ರೊಳಗ ಬಂದು ಒಮ್ಮೆ ಬರಿಯವ್ವ.”

“ಮಾಮ ಫೋಟೋ ತೆಗದಾರಲ್ಲ ಅಜ್ಜಿ?”

“ಫೋಟೋದಾಗ ಗ್ವಾಡಿ ನುಣ್ಣಗ ಕಾಣ್ತದ. ನಮ್ಮ ಗ್ವಾಡಿ ಹಂಗೈತೇನು?”

ಅವಳು ಕೇಳಿದ್ದು ಸಣ್ಣ ವಿಷಯವಲ್ಲ. ಸುಣ್ಣ ಬಳಿದ ಮಣ್ಣಿನ ಗೋಡೆಯಲ್ಲಿ ಬಣ್ಣ ಎಲ್ಲೂ ಒಂದೇ ಸಮ ಇರುವುದಿಲ್ಲ. ತಗ್ಗಿನಲ್ಲಿ ದಟ್ಟ, ಉಬ್ಬಿನಲ್ಲಿ ತೆಳು. ಈ ತರಿತರಿಯನ್ನು ಕಾಗದದ ಮೇಲೆ ತರುವುದಕ್ಕೆ ಜಲವರ್ಣದಲ್ಲೇ ಒಂದು ದಾರಿಯಿದೆ. ಅದಕ್ಕೆ ಗ್ರಾನ್ಯುಲೇಷನ್ ಅನ್ನುತ್ತಾರೆ. ನಾನು ಕಾಳುಗಟ್ಟುವುದು ಅನ್ನುತ್ತೇನೆ.

ಬಣ್ಣ ಕಾಳುಗಟ್ಟುವುದು ಹೇಗೆ?

ಜಲವರ್ಣ ಅಂದರೆ ಬಣ್ಣದ ಪುಡಿ, ಅಂಟು, ನೀರು, ಇಷ್ಟೇ. ಕೆಲವು ಬಣ್ಣಗಳ ಕಣ ಬಹಳ ಸಣ್ಣದು. ಥ್ಯಾಲೋ ನೀಲಿ, ಕ್ವಿನಾಕ್ರಿಡೋನ್ ಗುಲಾಬಿ ಇಂಥವು. ನೀರಿನ ಜೊತೆ ಹರಡಿ, ಕಾಗದಕ್ಕೆ ಕಲೆಯಂತೆ ಅಂಟಿ, ಒಂದೇ ಸಮ ಒಣಗುತ್ತವೆ. ಕೋಬಾಲ್ಟ್ ನೀಲಿ, ಸೆರುಲಿಯನ್ ನೀಲಿ, ಕಬ್ಬಿಣದ ಅಂಶವಿರುವ ಕೆಲವು ಮಣ್ಣಿನ ಬಣ್ಣಗಳ ಕಣ ದಪ್ಪ ಮತ್ತು ಭಾರ. ನೀರು ನಿಂತಿರುವಷ್ಟು ಹೊತ್ತು ಇವು ತೇಲಿ, ನಿಧಾನಕ್ಕೆ ಕೆಳಗಿಳಿದು, ಕಾಗದದ ತಗ್ಗುಗಳಲ್ಲಿ ಕೂತುಬಿಡುತ್ತವೆ. ಅಲ್ಟ್ರಾಮರೀನ್ ನೀಲಿಯದು ಸ್ವಲ್ಪ ಬೇರೆ ದಾರಿ. ಅದರ ಕಣಗಳು ಒಂದನ್ನೊಂದು ಎಳೆದುಕೊಂಡು ಗುಂಪುಗಟ್ಟುತ್ತವೆ. ಒಣಗಿದ ಮೇಲೆ ಎರಡೂ ನೋಡುವುದಕ್ಕೆ ತರಿತರಿ.

ಇದಕ್ಕೆ ಮೂರು ಬೇಕು: ಮೇಲ್ಮೈ ಒರಟಾಗಿರುವ ದಪ್ಪ ಕಾಗದ (ನಾನು ಒಯ್ದದ್ದು 300 ಜಿಎಸ್ಎಂನ ಹತ್ತಿಯ ಕಾಗದ), ಧಾರಾಳ ನೀರು, ಮತ್ತು ಸಮಯ. ಕುರ್ಡಿಯ ಬೇಸಿಗೆಯಲ್ಲಿ ಮೊದಲೆರಡು ಸಿಗುತ್ತವೆ, ಮೂರನೆಯದು ಸಿಗುವುದಿಲ್ಲ. ಮಧ್ಯಾಹ್ನ ನಲವತ್ತು ಡಿಗ್ರಿ ದಾಟಿದ ಗಾಳಿಯಲ್ಲಿ ಕಾಗದದ ನೀರು ನೋಡನೋಡುತ್ತಾ ಆರಿಹೋಗುತ್ತದೆ, ಕಣ ಇಳಿಯುವ ಮೊದಲೇ ಬಣ್ಣ ಗಟ್ಟಿ. ಹಾಗಾಗಿ ಬೆಳಿಗ್ಗೆ ಆರರಿಂದ ಎಂಟರ ತನಕ ಪಡಸಾಲೆಯಲ್ಲಿ ಕೂತು ಕೆಲಸ ಮಾಡಿದೆ. ಕಾಗದವನ್ನು ಹಿಂದೆ, ಮುಂದೆ ಎರಡೂ ಕಡೆ ನೆನೆಸಿ, ಹಲಗೆಯ ಮೇಲೆ ಓರೆಯಾಗದಂತೆ ಮಲಗಿಸಿದರೆ ಇನ್ನೂ ಸ್ವಲ್ಪ ಹೊತ್ತು ಸಿಗುತ್ತದೆ.

ನೀರಿನದೂ ಒಂದು ಪ್ರಯೋಗ ಆಯಿತು. ಒಂದೇ ಅಲ್ಟ್ರಾಮರೀನ್, ಒಂದೇ ಕಾಗದ. ಒಂದು ಚೌಕಕ್ಕೆ ಫಿಲ್ಟರ್ ನೀರು, ಇನ್ನೊಂದಕ್ಕೆ ಬೋರ್‌ವೆಲ್ ನೀರು. ಬೋರಿನ ಗಡಸು ನೀರಿನ ಚೌಕದಲ್ಲಿ ಕಾಳು ಎದ್ದು ಕಂಡಿತು. ನೀರಿನ ಲವಣಗಳು ಕಣಗಳು ಗುಂಪುಗಟ್ಟುವುದಕ್ಕೆ ಕುಮ್ಮಕ್ಕು ಕೊಡುತ್ತವೆ. ಬೇಳೆ ಬೇಯದ ನೀರು ಅಂತ ಮನೆಯವರು ಬೈಯುವ ಅದೇ ನೀರು ಚಿತ್ರಕ್ಕೆ ಒದಗಿತು.

ಗೋಡೆಯಲ್ಲೇ ಇದ್ದ ಬಣ್ಣ

ಮನೆಯ ಒಳಗೋಡೆಗೆ ತಿಳಿ ನೀಲಿ. ಸುಣ್ಣಕ್ಕೆ ಏನು ಹಾಕುತ್ತಿದ್ದಿರಿ ಅಂತ ಕೇಳಿದರೆ ಅಜ್ಜಿ, “ಬಟ್ಟಿಗಿ ಹಾಕೋ ನೀಲಿ ಪುಡಿ, ಮತ್ತೇನು” ಅಂದಳು. ಹಿಂದೆಲ್ಲ ಬಿಳಿ ಬಟ್ಟೆಗೆ ಹಾಕುತ್ತಿದ್ದ ನೀಲಿ ಪುಡಿ ಬಹುಮಟ್ಟಿಗೆ ಅಲ್ಟ್ರಾಮರೀನೇ. ಒಂದು ಕಾಲಕ್ಕೆ ಅದನ್ನು ಅಫ್ಘಾನಿಸ್ತಾನದ ಲಾಜವರ್ದ ಕಲ್ಲು ಅರೆದು ತೆಗೆಯುತ್ತಿದ್ದರು, ಯುರೋಪಿನಲ್ಲಿ ಅದಕ್ಕೆ ಚಿನ್ನದ ಬೆಲೆ. 1820ರ ದಶಕದ ಕೊನೆಗೆ ಕಾರ್ಖಾನೆಯಲ್ಲಿ ಮಾಡುವ ವಿಧಾನ ಸಿಕ್ಕ ಮೇಲೆ ಅಗ್ಗವಾಗಿ, ಕಿರಾಣಿ ಅಂಗಡಿಯ ಪೊಟ್ಟಣದವರೆಗೂ ಬಂತು. ಹುಳಿಗೆ ಕೆಡುವ ಈ ಬಣ್ಣ ಸುಣ್ಣದ ಖಾರಕ್ಕೆ ಜಗ್ಗುವುದಿಲ್ಲ. ಅದಕ್ಕೇ ಗೋಡೆಯ ಮೇಲೆ ಇಷ್ಟು ವರ್ಷ ಬಾಳಿದೆ. ನನ್ನ ಟ್ಯೂಬಿನ ಮೇಲೆ ಪಿಬಿ 29 ಅಂತ ಬರೆದಿದ್ದ ಬಣ್ಣವೂ ಇದೇ. ಗೋಡೆಗೆ ಬೇರೆ ನೀಲಿ ಹುಡುಕುವ ಕೆಲಸ ಉಳಿಯಲಿಲ್ಲ.

ಗೋಡೆಯ ಬುಡದ ಕೆಂಪು ಪಟ್ಟಿ ಜಾಜಿನದು, ಅಂದರೆ ಕೆಮ್ಮಣ್ಣು. ಅದರ ಕೆಂಪಿಗೆ ಕಾರಣ ಕಬ್ಬಿಣದ ಆಕ್ಸೈಡ್. ಇದೇ ಜಿಲ್ಲೆಯ ಲಿಂಗಸುಗೂರು ತಾಲೂಕಿನ ಪಿಕ್ಲಿಹಾಳದ ಬಂಡೆಗಳ ಮೇಲೂ ಹಳೆಯ ಕಾಲದವರು ಕೆಂಪಿನಲ್ಲಿ ಚಿತ್ರ ಬರೆದಿದ್ದಾರೆ. ಪುರಾತತ್ವ ವಿದ್ವಾಂಸ ಆಲ್ಚಿನ್ 1950ರ ದಶಕದಲ್ಲಿ ಅಲ್ಲಿ ಉತ್ಖನನ ಮಾಡಿ, ಆ ಚಿತ್ರಗಳನ್ನೂ ದಾಖಲಿಸಿದರು.

ಟ್ಯೂಬಿನ ಬರ್ಂಟ್ ಸಿಯೆನ್ನಾ ಜಾಜಿಗೆ ಹತ್ತಿರ ಬಂತು, ಆದರೆ ಅದೇ ಆಗಲಿಲ್ಲ. ಗೋಡೆಯಿಂದ ಉದುರಿದ ಜಾಜು ಕಾಲ ಬುಡದಲ್ಲೇ ಬಿದ್ದಿತ್ತು. ಅದನ್ನೇ ಬಣ್ಣ ಮಾಡೋಣ ಅನ್ನಿಸಿತು.

ಮಣ್ಣು ತೊಳೆದು ಬಣ್ಣ

ಜಾಜು, ಮಸಾರಿ ಮಣ್ಣು, ಎರೆಮಣ್ಣು ಮೂರನ್ನೂ ಕುಟ್ಟಾಣಿಯಲ್ಲಿ ಪುಡಿ ಮಾಡಿ, ಹಳೇ ಪಂಚೆಯಲ್ಲಿ ಸೋಸಿ, ಒಂದೊಂದು ಗಾಜಿನ ಬಾಟಲಿಗೆ ಹಾಕಿ ನೀರು ತುಂಬಿದೆ. ಚೆನ್ನಾಗಿ ಕದಡಿ ಹತ್ತು ಎಣಿಸಿದರೆ ಮರಳು ತಳ ಸೇರುತ್ತದೆ. ಮೇಲಿನ ನೀರನ್ನು ಇನ್ನೊಂದು ಬಾಟಲಿಗೆ ಬಗ್ಗಿಸಿ ಐದು ನಿಮಿಷ ಬಿಟ್ಟರೆ ಮಧ್ಯಮ ಕಣ ಕೂರುತ್ತದೆ. ಇನ್ನೂ ಕದಡಿಕೊಂಡೇ ಇರುವುದು ತೀರಾ ನುಣುಪು. ಕಾಳುಗಟ್ಟುವುದಕ್ಕೆ ಬೇಕಾದ್ದು ಈ ನಡುವಿನ ಪಾಲು. ಮರಳು ಕಾಗದದಿಂದ ಉದುರಿಹೋಗುತ್ತದೆ, ನುಣುಪು ಮಣ್ಣು ಒಂದೇ ಸಮ ಹರಡುತ್ತದೆ.

ಅಂಟು ಅಡುಗೆಮನೆಯಲ್ಲೇ ಇತ್ತು, ಅಂಟಿನ ಉಂಡೆಗೆ ತಂದಿಟ್ಟದ್ದು. ಜಲವರ್ಣಕ್ಕೆ ಬಳಸುವ ಗಮ್ ಅರೇಬಿಕ್ ಜಾಲಿ ಜಾತಿಯ ಮರದ ಅಂಟು. ಅಜ್ಜಿಯ ಡಬ್ಬಿಯದೂ ಜಾಲಿಯದೇ. ಒಂದು ಪಾಲು ಅಂಟಿಗೆ ಎರಡು ಪಾಲು ಬಿಸಿನೀರು, ಒಂದು ರಾತ್ರಿ ನೆನೆಸಿ ಸೋಸಿದೆ. ಮೇಲೆ ಎರಡು ಹನಿ ಜೇನು, ಬಿರುಕು ಬಿಡದಿರಲಿ ಅಂತ. ಒಂದು ಮಾತು ನೆನಪಿರಲಿ, ಪೂರ್ತಿ ಕರಗುವ ಅಂಟೇ ಬೇಕು. ನೀರಲ್ಲಿ ಉಬ್ಬಿ ಲೋಳೆಯಾಗುವ ಅಂಟು ಈ ಕೆಲಸಕ್ಕೆ ಬಾರದು.

“ಉಂಡಿ ಕಟ್ಟೋ ಅಂಟು ಮಣ್ಣಿಗಿ ಹಾಕ್ತಿ?” ಅಜ್ಜಿ ಬೈದಳು. ಬೈಯುತ್ತಲೇ ಪಕ್ಕ ಕೂತು ಬಾಟಲಿ ಹಿಡಿದಳು.

ಜಾಜು ಗೆದ್ದಿತು. ಒಣಗಿದಾಗ ಕಾಗದದ ತಗ್ಗು ತಗ್ಗಿನಲ್ಲಿ ಕೆಂಪು ಕೂತು, ಬೆರಳಾಡಿಸಿದರೆ ಗೋಡೆಯೇ ಅನ್ನುವ ಹಾಗೆ ಕಂಡಿತು. ಮಸಾರಿ ಅದಕ್ಕಿಂತ ತಿಳಿ. ಎರೆಮಣ್ಣಿನಲ್ಲಿ ಜೇಡಿಯೇ ಹೆಚ್ಚು. ಜೇಡಿಯ ಕಣ ಒಂದು ಮಿಲಿಮೀಟರಿನ ಐನೂರರಲ್ಲಿ ಒಂದು ಪಾಲಿಗಿಂತಲೂ ಸಣ್ಣದು. ಹಾಗಾಗಿ ಅದು ಕಾಳುಗಟ್ಟದೆ ಬೂದುಗಪ್ಪಾಗಿ ಹರಡಿತು. ಆದರೆ ದಪ್ಪಗೆ ಬಳಿದ ಕಡೆ, ಜೇನು ಹಾಕಿದ್ದರೂ, ಒಣಗುತ್ತಾ ಬಿರುಕು ಬಿಟ್ಟಿತು. ಬೇಸಿಗೆಯಲ್ಲಿ ಎರೆ ಹೊಲ ಬಿಡುವಂಥದೇ ಬಿರುಕು. ಹೊಲದ ಚಿತ್ರಕ್ಕೆ ಅದನ್ನು ಹಾಗೇ ಉಳಿಸಿಕೊಂಡೆ.

ಕೊನೆಯ ದಿನ ಹಿತ್ತಲ ಗೋಡೆಯ ಹಳದಿ ಮಣ್ಣನ್ನು ಹಂಚಿನ ಮೇಲೆ ಹಾಕಿ ಕೆಂಡದಲ್ಲಿ ಹುರಿದೆ. ಹಳದಿ ಮಣ್ಣಿನ ಕಬ್ಬಿಣದಲ್ಲಿ ಸೇರಿಕೊಂಡಿರುವ ನೀರು ಕಾವಿಗೆ ಬಿಟ್ಟುಹೋದರೆ ಅದು ಕೆಂಪಾಗುತ್ತದೆ. ಟ್ಯೂಬಿನ ಹೆಸರಿನಲ್ಲಿರುವ ‘ಬರ್ಂಟ್’ ಅಂದರೆ ಇದೇ, ಸುಟ್ಟದ್ದು. “ಇಟ್ಟಂಗಿ ಸುಟ್ಟಂಗ ಅಲ್ಲೇನು?” ಅಂದಳು ಅಜ್ಜಿ. ನಾನು ಇಂಟರ್‌ನೆಟ್ಟಿನಲ್ಲಿ ಅರ್ಧ ದಿನ ಓದಿ ತಿಳಿದದ್ದು ಅಷ್ಟೇ.

ನಾಲ್ಕು ಚಿತ್ರ, ಒಂದು ಬಾಟಲಿ

ನಾಲ್ಕು ಹಾಳೆ ಬರೆದೆ: ಪಡಸಾಲೆಯ ನೀಲಿ ಗೋಡೆ, ಬಾಗಿಲ ಪಕ್ಕದ ಕಟ್ಟೆ, ಮಾಳಿಗೆಯ ಬೆಳಕಿಂಡಿ, ಊರ ಹೊರಗಿನ ಎರೆ ಹೊಲ. ಅಜ್ಜಿ ಕನ್ನಡಕ ಏರಿಸಿ ಮೊದಲನೆಯದನ್ನು ನೋಡಿ, ಹೆಬ್ಬೆರಳಲ್ಲಿ ಸವರಿದಳು. “ಗ್ವಾಡಿ ಬಂತು,” ಅಂದಳು. ಮಾಮ ಏನೂ ಹೇಳದೆ ಫೋನ್ ತೆಗೆದು ಚಿತ್ರದ ಫೋಟೋ ಹೊಡೆದರು, ಆಮೇಲೆ ಬಹಳ ಹೊತ್ತು ಕಟ್ಟೆಯ ಮೇಲೆ ಕೂತಿದ್ದರು. ಅವರು ಹುಟ್ಟಿದ್ದೂ ಆ ಮನೆಯಲ್ಲೇ.

ನಿಮ್ಮ ಊರಲ್ಲೂ ಬಿಚ್ಚಲು ಕಾದಿರುವ ಗೋಡೆ ಇದ್ದರೆ, ಅದರದೊಂದು ಹಿಡಿ ಮಣ್ಣು ತೆಗೆದಿಡಿ. ಚಿತ್ರ ಬರೆಯಲು ಬರಲೇಬೇಕು ಅಂತಿಲ್ಲ. ಬಿಳಿ ಕಾಗದದ ಮೇಲೆ ಒಂದು ಚೌಕ ಬಳಿದು, ಕೆಳಗೆ ಊರಿನ ಹೆಸರು, ತಾರೀಖು ಬರೆದರೆ ಸಾಕು. ಅರೆಯುವಾಗ ಮೂಗಿಗೆ ಬಟ್ಟೆ ಕಟ್ಟಿಕೊಳ್ಳಿ. ಹಳೇ ಆಯಿಲ್ ಪೇಂಟಿನ ಚಕ್ಕೆಗಳನ್ನು ಮಾತ್ರ ಮುಟ್ಟಬೇಡಿ, ಅದರಲ್ಲಿ ಸೀಸ ಇರಬಹುದು.

ಈಗ ಕುರ್ಡಿಯಲ್ಲಿ ಹೊಸ ಮನೆಗೆ ಪಾಯ ಬಿದ್ದಿದೆ. ಗೋಡೆಗೆ ಯಾವ ಎಮಲ್ಷನ್ ಅನ್ನುವುದನ್ನು ಮಾಮ, ಅತ್ತೆ ಆರಿಸಿದ್ದಾರೆ. ಹೊಸ್ತಿಲಿಗೆ ಮಾತ್ರ ಜಾಜೇ ಬಳಿಯಬೇಕು ಅಂತ ಅಜ್ಜಿ ಹಟ ಹಿಡಿದಿದ್ದಾಳೆ. ತೊಳೆದು ಸೋಸಿದ ಬಾಟಲಿ ಅವಳ ಟ್ರಂಕಿನಲ್ಲಿದೆ.