ಕೆರೆತಕ್ಕೆ ಊರೆಲ್ಲ ವೈದ್ಯರು

ಮಗು ಹೊಟ್ಟೆನೋವು ಅಂದರೆ ಯಾರೂ ಸುಲಭವಾಗಿ ನಂಬುವುದಿಲ್ಲ. ಸ್ಕೂಲು ತಪ್ಪಿಸಿಕೊಳ್ಳುವ ಉಪಾಯ ಅನ್ನುತ್ತಾರೆ. ಜ್ವರಕ್ಕೆ ಥರ್ಮಾಮೀಟರ್ ಸಾಕ್ಷಿ ಬೇಕು, ಎದೆಯ ಕಫಕ್ಕೆ ಸ್ಟೆತಾಸ್ಕೋಪು ಬೇಕು. ಚರ್ಮದ ಕಾಯಿಲೆಗೆ ಮಾತ್ರ ಈ ಯಾವ ಸಲಕರಣೆಯೂ ಬೇಡ. ಕಣ್ಣಿದ್ದವರೆಲ್ಲ ನೋಡಬಹುದು, ನೋಡಿದವರೆಲ್ಲ ಹೇಳಬಹುದು. ಅದೂ ಮಗುವಿನ ಮೈಮೇಲೆ ಎದ್ದಿದ್ದರೆ ಕೇಳುವುದೇ ಬೇಡ. ಬಸ್ಸಿನಲ್ಲಿ ಪಕ್ಕದ ಸೀಟಿನವರು, ಮದುವೆಮನೆಯಲ್ಲಿ ಎದುರು ಪಂಕ್ತಿಯವರು, ಸೊಪ್ಪು ಮಾರುವಾಕೆ, ಎಲ್ಲರ ಹತ್ತಿರವೂ ಒಂದೊಂದು ಔಷಧಿ ಸಿದ್ಧವಾಗಿರುತ್ತದೆ. ಮಗುವಿಗೆ ಚರ್ಮದ ಡಾಕ್ಟರನ್ನು ಹುಡುಕುವ ಕಷ್ಟ ಇರುವುದೇ ಇಲ್ಲಿ: ಇಷ್ಟೊಂದು ಡಾಕ್ಟರುಗಳನ್ನು ದಾಟಿಕೊಂಡು ಹೋಗಬೇಕು.

ನಮ್ಮ ಮೊಮ್ಮಗಳಿಗೆ ಮೊಣಕೈ ಮಡಿಕೆಯಲ್ಲಿ, ಮಂಡಿಯ ಹಿಂದೆ ಕೆಂಪಗೆ ಎದ್ದು, ರಾತ್ರಿಯೆಲ್ಲ ಪರಪರ ಕೆರೆದುಕೊಳ್ಳತೊಡಗಿದಾಗ ಮೈಸೂರಿನ ನಮ್ಮ ಬೀದಿಯ ವಿದ್ವತ್ತೆಲ್ಲ ಹೊರಗೆ ಬಂತು. ಎದುರುಮನೆಯವರು ಹುಳುಕಡ್ಡಿ ಅಂದರು. ಮೂಲೆಮನೆಯ ಮೇಷ್ಟ್ರು ಕನ್ನಡಕ ಏರಿಸಿ ನೋಡಿ ಇಸುಬು ಅಂದರು. ಹಾಲಿನವನು ಗೇಟಿನ ಆಚೆಯಿಂದಲೇ, "ಪಿತ್ತದ ಗಂಧೆ ಕಣಮ್ಮ, ಕಂಬಳೀಲಿ ಉಜ್ಜಿ, ದೊಡ್ಡಪತ್ರೆ ರಸ ಹಚ್ಚಿ" ಎಂದು ಸೈಕಲ್ ಹತ್ತಿದ. ನನ್ನ ಹೆಂಡತಿಯ ಅಕ್ಕ ಮಗುವನ್ನು ನೋಡುವ ಗೊಡವೆಗೂ ಹೋಗದೆ ಫೋನಿನಲ್ಲೇ ನಾಗದೋಷ ಪತ್ತೆ ಮಾಡಿ, ಕುಕ್ಕೆಗೆ ಹೋಗಿ ಆಶ್ಲೇಷಾ ಬಲಿ ಮಾಡಿಸಿ ಬನ್ನಿ ಅಂದರು. ಸುಬ್ರಹ್ಮಣ್ಯನಿಗೂ ಚರ್ಮರೋಗಕ್ಕೂ ನಮ್ಮಲ್ಲಿ ಹಳೆಯ ನಂಟು. ಅಲ್ಲಿಯ ಹುತ್ತದ ಮಣ್ಣಿನ ಪ್ರಸಾದ ನಮ್ಮ ದೇವರಮನೆಯಲ್ಲೂ ಇದೆ. ಅದನ್ನು ಹಣೆಗಿಡಲು ನನ್ನ ತಕರಾರಿಲ್ಲ. ಕೆರೆದು ನೀರೊಸರುತ್ತಿರುವ ಗಾಯಕ್ಕೆ ಮೆತ್ತುವುದಕ್ಕೆ ಮಾತ್ರ ತಕರಾರಿದೆ, ಅದನ್ನು ದೇವರೂ ಒಪ್ಪಿಯಾನು.

ಮಣ್ಣು, ಸೊಪ್ಪು, ಕಂಬಳಿಗಳಿಗಿಂತ ನನಗೆ ಹೆಚ್ಚು ಭಯ ಮೆಡಿಕಲ್ ಸ್ಟೋರಿನ ಕೌಂಟರಿನದು. ಅಲ್ಲಿ ನಿಂತು "ಮಗೂಗೆ ಕೆರೆತ" ಅಂದರೆ ಸಾಕು, ಒಂದು ಟ್ಯೂಬು ಗಾಜಿನ ಮೇಲೆ ಜಾರಿಕೊಂಡು ಬರುತ್ತದೆ. ಸ್ಟೀರಾಯ್ಡ್, ಫಂಗಸ್ಸಿನ ಔಷಧಿ, ಆಂಟಿಬಯೋಟಿಕ್, ಮೂರನ್ನೂ ಕಲಸಿದ ಮುಲಾಮು. ಯಾವುದು ನಾಟುತ್ತದೋ ನಾಟಲಿ ಎಂದು ಕಣ್ಣುಮುಚ್ಚಿ ಎಸೆದ ಕಲ್ಲು ಅದು. ಹಚ್ಚಿದ ಮರುದಿನವೇ ಕೆಂಪು ಇಳಿಯುತ್ತದೆ, ಅಂಗಡಿಯವನು ಧನ್ವಂತರಿಯಾಗುತ್ತಾನೆ. ಇರುವುದು ನಿಜಕ್ಕೂ ಹುಳುಕಡ್ಡಿಯಾಗಿದ್ದರೆ ಸ್ಟೀರಾಯ್ಡು ಉರಿ, ಕೆಂಪು ಎರಡನ್ನೂ ಅಡಗಿಸಿ, ಒಳಗೆ ಫಂಗಸ್ಸು ಹಾಯಾಗಿ ಹಬ್ಬಲು ದಾರಿ ಮಾಡಿಕೊಡುತ್ತದೆ. ಆಮೇಲೆ ಡಾಕ್ಟರು ನೋಡಿದರೂ ಅದರ ಅಸಲಿ ರೂಪ ಗುರುತು ಸಿಕ್ಕುವುದಿಲ್ಲ. ಮಕ್ಕಳಿಗಂತೂ ದೇಹದ ತೂಕಕ್ಕೆ ಹೋಲಿಸಿದರೆ ಚರ್ಮದ ಹರವು ದೊಡ್ಡವರಿಗಿಂತ ಹೆಚ್ಚು. ಹಾಗಾಗಿ ಹಚ್ಚಿದ ಔಷಧಿ ಮೈಯೊಳಗೆ ಇಳಿಯುವುದೂ ಹೆಚ್ಚು. 2018ರಲ್ಲಿ ಕೇಂದ್ರ ಸರ್ಕಾರ 14 ಬಗೆಯ ಸ್ಟೀರಾಯ್ಡ್ ಮುಲಾಮುಗಳನ್ನು ಶೆಡ್ಯೂಲ್ ಹೆಚ್‌ಗೆ ಸೇರಿಸಿ, ಚೀಟಿಯಿಲ್ಲದೆ ಮಾರಕೂಡದು ಎಂದಿತು. ಚೀಟಿ ಕೇಳಿದ ಅಂಗಡಿ ನಿಮಗೆ ಸಿಕ್ಕಿದ್ದರೆ ಅದರ ವಿಳಾಸ ಜೋಪಾನವಾಗಿಟ್ಟುಕೊಳ್ಳಿ.

ಸರಿ, ಡಾಕ್ಟರ ಹತ್ತಿರವೇ ಹೋಗೋಣವೆಂದರೆ ಬೋರ್ಡುಗಳ ಕಾಟ. ಈಗಿನ ಸ್ಕಿನ್ ಕ್ಲಿನಿಕ್ಕುಗಳನ್ನು ನೋಡಿದ್ದೀರಲ್ಲ, ಹೊರಗೆ ಹೊಳೆಯುವ ಕೆನ್ನೆಯ ಹುಡುಗಿ, ಒಳಗೆ ಎ.ಸಿ., ಗೋಡೆಯ ತುಂಬ ಲೇಸರ್, ಪೀಲಿಂಗ್, ಕೂದಲು ಕಸಿ. ಅಂಥದ್ದೊಂದಕ್ಕೆ ಕಾಲಿಟ್ಟರೆ ರಿಸೆಪ್ಷನ್ನಿನ ಹುಡುಗಿ ಕಂಕುಳಲ್ಲಿದ್ದ ಕೂಸನ್ನು ಬಿಟ್ಟು ನನ್ನ ಬೋಳುತಲೆಯನ್ನೇ ಮಮತೆಯಿಂದ ನೋಡಿ, "ಪ್ಯಾಕೇಜ್ ಡೀಟೇಲ್ಸ್ ಕೊಡ್ಲಾ ಸರ್?" ಅಂದಳು. ಮೊಡವೆ, ಕಲೆ, ಬೋಳು ಇವುಗಳಿಗೂ ಚಿಕಿತ್ಸೆ ಬೇಕು, ಇಲ್ಲವೆನ್ನುವುದಿಲ್ಲ. ಆದರೆ ದಿನವಿಡೀ ಕೆನ್ನೆಗೆ ಮೆರುಗು ಕೊಡುವವರಿಗಿಂತ, ಬೆಳಗಿಂದ ಮಧ್ಯಾಹ್ನದವರೆಗೆ ಕಜ್ಜಿ, ಚಿಬ್ಬು, ಗಂಧೆ ನೋಡುವ ದೊಡ್ಡಾಸ್ಪತ್ರೆಯ ಚರ್ಮ ವಿಭಾಗದವರ ಕಣ್ಣು ಮಕ್ಕಳ ವಿಷಯದಲ್ಲಿ ಹೆಚ್ಚು ಪಳಗಿರುತ್ತದೆ ಅನ್ನುವುದು ನನ್ನ ಎಣಿಕೆ. ಬೆಂಗಳೂರಿನ ಇಂದಿರಾ ಗಾಂಧಿ ಮಕ್ಕಳ ಆರೋಗ್ಯ ಸಂಸ್ಥೆಯಲ್ಲಂತೂ ಮಕ್ಕಳ ಚರ್ಮಕ್ಕೆಂದೇ ಪ್ರತ್ಯೇಕ ವಿಭಾಗವಿದೆ.

ಇನ್ನೊಂದು ಜಾತಿಯ ಬೋರ್ಡು ಹಳೆಯದು. 'ಚರ್ಮ, ಗುಪ್ತರೋಗ ಮತ್ತು ಕುಷ್ಠರೋಗ ತಜ್ಞರು.' ಅದರ ಕೆಳಗೆ ಬಂದ ಕೂಡಲೇ ನನ್ನ ಹೆಂಡತಿ ಸೆರಗು ಎಳೆದುಕೊಂಡು ಆಟೋ ಹಿಂದಕ್ಕೆ ತಿರುಗಿಸಿದಳು. "ಹೆಣ್ಣುಮಗು! ಯಾರಾದ್ರೂ ಗುರುತಿನವರು ನೋಡಿದ್ರೆ?" ಅಂದಳು. ಆ ಮಗುವಿಗಿನ್ನೂ ಹಾಲುಹಲ್ಲು ಬಿದ್ದಿಲ್ಲ. ಪಾಪ, ಡಾಕ್ಟರ ತಪ್ಪೇನೂ ಇಲ್ಲ, ಅವರು ಪಾಸು ಮಾಡುವ ಪರೀಕ್ಷೆಯಲ್ಲೇ ಮೂರೂ ಒಟ್ಟಿಗಿವೆ. ಸಿಫಿಲಿಸ್ಸು, ಕುಷ್ಠ ಎರಡೂ ಚರ್ಮದ ಮೇಲೆಯೇ ಗುರುತು ತೋರಿಸುವುದರಿಂದ ಹಿಂದಿನಿಂದಲೂ ಒಬ್ಬರೇ ಮೂರನ್ನೂ ನೋಡುತ್ತ ಬಂದಿದ್ದಾರೆ. ದೇಶದ ಚರ್ಮತಜ್ಞರ ಸಂಘದ ಹೆಸರಿನಲ್ಲೂ ಈ ಮೂರು ಹಾಗೇ ಉಳಿದಿವೆ. ಹಳಬರ ಹೆಸರಿನ ಮುಂದೆ ಡಿ.ವಿ.ಡಿ. ಅಂತಲೂ ಇರುತ್ತದೆ, ಅದು ಈ ವಿಷಯದ ಡಿಪ್ಲೊಮಾ. ನನ್ನ ಮಗ ಅದನ್ನು ಓದಿ, "ಇವರು ಸಿನಿಮಾನೂ ಬಾಡಿಗೆಗೆ ಕೊಡ್ತಾರಾ ಅಪ್ಪ?" ಅಂದ. ಮಗು ರಾತ್ರಿ ನಿದ್ದೆ ಮಾಡದಿದ್ದರೂ ಅಪ್ಪನಿಗೆ ತಮಾಷೆ.

ಕೊನೆಗೆ ಬುದ್ಧಿ ಓಡಿಸಿದ್ದು ಸೊಸೆ. ಲಸಿಕೆ ಹಾಕುವ ಮಕ್ಕಳ ಡಾಕ್ಟರನ್ನೇ ಕೇಳಿದಳು. ಅವರು ಚೀಟಿಯ ಹಿಂದೆ ಒಂದು ಹೆಸರು ಬರೆದುಕೊಟ್ಟರು. ಮಕ್ಕಳ ಅರ್ಧ ತೊಂದರೆಗಳನ್ನು ಆ ಡಾಕ್ಟರೇ ನೋಡಬಲ್ಲರು, ಉಳಿದರ್ಧಕ್ಕೆ ಯಾರ ಬಳಿ ಹೋಗಬೇಕೆಂದೂ ಅವರಿಗೇ ಗೊತ್ತಿರುತ್ತದೆ. ಇಷ್ಟು ಸರಳವಾದದ್ದು ಬೀದಿಯ ಯಾವ ಪಂಡಿತರಿಗೂ ಹೊಳೆದಿರಲಿಲ್ಲ.

ಆ ಹೆಸರಿನ ಡಾಕ್ಟರಮ್ಮನ ಕೋಣೆಯಲ್ಲಿ ಪೋಸ್ಟರುಗಳಿರಲಿಲ್ಲ, ಒಂದು ಭೂತಗನ್ನಡಿ ಇತ್ತು. ನಾವು ಮೊಣಕೈ ತೋರಿಸಿದೆವು, ಅವರು ಫ್ರಾಕು ಬಿಚ್ಚಿ ಅಂದರು. ಕಿಟಕಿಯ ಬೆಳಕಿಗೆ ಮಗುವನ್ನು ತಿರುಗಿಸಿ ಮಂಡಿಯ ಹಿಂದೆ, ಕಿವಿಯ ಹಿಂದೆ, ನೆತ್ತಿ ಎಲ್ಲ ನೋಡಿದರು. ಬೆರಳಸಂದುಗಳನ್ನು ಒಂದೊಂದಾಗಿ ಬಿಡಿಸಿದರು. ಕಜ್ಜಿಯ ಹುಳು ಗೂಡು ಕಟ್ಟುವುದು ಅಲ್ಲಿಯೇ. ಅದಾಗಿದ್ದರೆ ಮಗುವಿಗೊಂದೇ ಅಲ್ಲ, ಮನೆಮಂದಿಗೆಲ್ಲ ಒಟ್ಟಿಗೇ ಮುಲಾಮು ಹಚ್ಚಬೇಕಂತೆ. ಅದಲ್ಲವೆಂದು ಖಾತ್ರಿಯಾದ ಮೇಲೆ, "ಮನೇಲಿ ಯಾರಿಗಾದ್ರೂ ಉಬ್ಬಸ? ಬೆಳಗೆದ್ದರೆ ಸೀನು?" ಅಂತ ಕೇಳಿದರು. ಎಲ್ಲರೂ ನನ್ನ ಕಡೆ ತಿರುಗಿದರು. ಆ ಹೊತ್ತಿಗೇ ನನಗೆ ಸೀನೂ ಬಂತು. ಇಸುಬು, ಉಬ್ಬಸ, ಸೀನು ಮೂರೂ ಒಂದೇ ವಂಶದ ಆಸ್ತಿಯಂತೆ. ಮೊಮ್ಮಗಳಿಗೆ ತಾತ ಏನೂ ಕೊಟ್ಟಿಲ್ಲ ಅಂತ ಇನ್ನು ಯಾರೂ ಅನ್ನುವಂತಿಲ್ಲ. ಮೂಲೆಮನೆಯ ಮೇಷ್ಟ್ರು ಗೆದ್ದರು.

ನಿಜವಾದ ಜಗಳ ಶುರುವಾದದ್ದು ಸ್ನಾನದ ವಿಷಯಕ್ಕೆ. ನಮ್ಮಲ್ಲಿ ಮಕ್ಕಳಿಗೆ ನೀರೆರೆಯುವುದೆಂದರೆ ಹಂಡೆಯ ನೀರು ಹಬೆಯಾಡಬೇಕು, ಮೈ ಕೆಂಪಗಾಗಬೇಕು, ಕಡಲೆಹಿಟ್ಟಿನಲ್ಲಿ ತಿಕ್ಕಬೇಕು. ಡಾಕ್ಟರು ಅಂದರು: ಉಗುರುಬೆಚ್ಚಗಿನ ನೀರು, ಬೇಗ ಮುಗಿಸಿ, ತಿಕ್ಕಬೇಡಿ, ಮೈ ಒತ್ತಿ ಒರೆಸಿ, ತೇವ ಆರುವ ಮೊದಲೇ ಮಾಯಿಶ್ಚರೈಸರ್ ಹಚ್ಚಿ. ನನ್ನ ಹೆಂಡತಿ ತನ್ನ ಮಕ್ಕಳನ್ನು ಬೆಳೆಸಿದ್ದರ ಇತಿಹಾಸ ತೆಗೆದಳು. ಡಾಕ್ಟರಮ್ಮ ಪೂರ್ತಿ ಕೇಳಿಸಿಕೊಂಡು, "ಕೊಬ್ಬರಿ ಎಣ್ಣೆ ಹಚ್ಚಿ ಅಮ್ಮ, ಅದಕ್ಕೆ ನಾನು ಬೇಡ ಅನ್ನಲ್ಲ" ಎಂದು ಸಂಧಿ ಮಾಡಿಕೊಂಡರು. ಕೆಂಪಿರುವ ಕಡೆಗೆ ಮಾತ್ರ, ಕೆಲವೇ ದಿನಕ್ಕೆ, ಮೆದು ಸ್ಟೀರಾಯ್ಡು ಬರೆದರು. ಅದರ ಅಳತೆಯನ್ನು ಸೊಸೆಯ ತೋರುಬೆರಳ ಮೇಲೇ ತೋರಿಸಿದರು. ತುದಿಯಿಂದ ಮೊದಲ ಗೆರೆಯವರೆಗೆ ಹಿಂಡಿದ್ದು ದೊಡ್ಡವರ ಎರಡು ಅಂಗೈ ಅಗಲಕ್ಕೆ ಸಾಕು. "ಪೂರ್ತಿ ವಾಸಿಯಾಗುತ್ತಾ?" ಎಂದು ಮಗ ಕೇಳಿದ. "ಬರುತ್ತೆ, ಹೋಗುತ್ತೆ. ಬೆಳೀತಾ ಬೆಳೀತಾ ಬಹಳ ಮಕ್ಕಳಿಗೆ ಕಡಿಮೆಯಾಗುತ್ತೆ. ಗ್ಯಾರಂಟಿ ಕೊಡೋರ ಹತ್ರ ಮಾತ್ರ ಹೋಗಬೇಡಿ" ಅಂದರು.

ಮಗು ಈಗ ನಿದ್ದೆ ಮಾಡುತ್ತದೆ. ಮೈ ನುಣುಪಾದದ್ದನ್ನು ನೋಡಿ ಮೊನ್ನೆ ಎದುರುಮನೆಯವರು ತಮ್ಮ ಮೊಮ್ಮಗನಿಗೂ ಏನೋ ಎದ್ದಿದೆ ಅಂದರು. ನಾನು ಉತ್ಸಾಹದಿಂದ ಡಾಕ್ಟರ ನಂಬರು ಹುಡುಕತೊಡಗಿದೆ.

"ನಂಬರೆಲ್ಲ ಯಾಕೆ ಬಿಡಿ ಸಾರ್," ಅಂದರು. "ಆ ಟ್ಯೂಬಿನ ಹೆಸರೊಂದು ಹೇಳಿ, ಸಾಕು."